52 ಪರ್ಸೆಂಟ್ ಹಾಕುವವನು ಒಳ್ಳೆ ಶೂಟರೋ, 41 ಹಾಕುವವನೋ?

ಸ್ಕೋರ್‌ಶೀಟ್

ಎಲ್ಲರಿಗೂ ನಮಸ್ಕಾರ. ನಾನು ಒಂದು ಹವ್ಯಾಸಿ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಸ್ಕೋರ್ ಬರೆಯುವವನು. ಆಡುವುದು ಬಿಟ್ಟು ಬಹಳ ಕಾಲ ಆಯಿತು, ಮೊಣಕಾಲು ಒಪ್ಪುವುದಿಲ್ಲ, ಅದಕ್ಕೇ ಬೆಂಚಿನ ತುದಿಯಲ್ಲಿ ಪುಸ್ತಕ ಹಿಡಿದು ಕೂರುತ್ತೇನೆ. ಈ ಸಲ 12 ಪಂದ್ಯಗಳ ಲೆಕ್ಕ ಕೂಡಿಸಿದ ಮೇಲೆ ಕೋಚ್‌ಗೂ ನನಗೂ ಸಣ್ಣ ಜಟಾಪಟಿ ಆಗಿದೆ.

ನಮ್ಮ 7ನೇ ನಂಬರ್, ಎತ್ತರದ ಹುಡುಗ, ರಿಂಗ್ ಕೆಳಗೇ ಆಡುವವನು. 119 ಶಾಟ್ ಎಸೆದು 62 ಹಾಕಿದ್ದಾನೆ. ತ್ರೀ ಪಾಯಿಂಟರ್ (ದೂರದ ಗೆರೆಯ ಹೊರಗಿನಿಂದ ಎಸೆಯುವ ಮೂರು ಪಾಯಿಂಟಿನ ಶಾಟ್) ಎರಡೇ ಎರಡು ಎಸೆದಿದ್ದಾನೆ, ಎರಡೂ ಹೊರಗೆ. ಫ್ರೀ ಥ್ರೋ (ಫೌಲ್ ಆದಾಗ ಸಿಗುವ, ಒಂದು ಪಾಯಿಂಟಿನ ಎಸೆತ) 41ಕ್ಕೆ 18. ಒಟ್ಟು 142 ಪಾಯಿಂಟ್.

11ನೇ ನಂಬರ್ ಗಾರ್ಡ್, ಅಂದರೆ ಹೊರಗಿನಿಂದ ಬಾಲ್ ನಡೆಸುವವನು. 141 ಶಾಟ್‌ಗೆ 58. ಅದರಲ್ಲಿ ತ್ರೀ 84ಕ್ಕೆ 31. ಫ್ರೀ ಥ್ರೋ 44ಕ್ಕೆ 37. ಒಟ್ಟು 184 ಪಾಯಿಂಟ್.

ಕೋಚ್ ಹೇಳುವುದು ಇಷ್ಟೇ: ಒಬ್ಬ 52 ಪರ್ಸೆಂಟ್, ಇನ್ನೊಬ್ಬ 41. ಬಾಲ್ ಯಾರಿಗೆ ಜಾಸ್ತಿ ಕೊಡಬೇಕು ಅಂತ ಕೇಳುವ ಮಾತೇ ಇಲ್ಲ. ನನಗೆ ಮಾತ್ರ ಇದರಲ್ಲಿ ಏನೋ ತಪ್ಪಿದೆ ಅನಿಸುತ್ತಿದೆ, ಆದರೆ ಬಾಯಿಬಿಟ್ಟು ವಾದ ಮಾಡಲು ಬರುತ್ತಿಲ್ಲ. ಸಹಾಯ ಮಾಡಿ.

ಬ್ಯಾಂಕ್‌ಶಾಟ್

ನಿಮಗೆ ಅನಿಸಿದ್ದು ಸರಿ. ಕೋಚ್ ಹಿಡಿದಿರುವುದು ಫೀಲ್ಡ್ ಗೋಲ್ ಪರ್ಸೆಂಟೇಜ್, ಅಂದರೆ ಎಸೆದ ಶಾಟ್‌ಗಳಲ್ಲಿ ನೂರಕ್ಕೆ ಎಷ್ಟು ಒಳಗೆ ಹೋಯಿತು ಅನ್ನುವುದು. ಅದಕ್ಕೆ ಎರಡು ಪಾಯಿಂಟಿನ ಬ್ಯಾಸ್ಕೆಟ್ಟೂ ಒಂದೇ, ಮೂರು ಪಾಯಿಂಟಿನದೂ ಒಂದೇ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಗೆ ತ್ರೀ ಪಾಯಿಂಟ್ ಗೆರೆ ಬಂದಿದ್ದೇ 1979-80ರಲ್ಲಿ. ಅದಕ್ಕೂ ಮುಂಚೆ ಆ ಲೆಕ್ಕದಲ್ಲಿ ಏನೂ ತೊಂದರೆ ಇರಲಿಲ್ಲ. ಗೆರೆ ಬಂದ ಮೇಲೂ ಲೆಕ್ಕ ಹಳೆಯದೇ ಉಳಿದುಕೊಂಡಿತು, ಅಷ್ಟೇ.

10 ತ್ರೀ ಎಸೆದು 4 ಹಾಕಿದವನಿಗೆ 12 ಪಾಯಿಂಟ್. 10 ಟೂ ಎಸೆದು 6 ಹಾಕಿದವನಿಗೂ 12. ಒಬ್ಬನಿಗೆ 40 ಪರ್ಸೆಂಟ್, ಇನ್ನೊಬ್ಬನಿಗೆ 60. ತಂಡದ ಸ್ಕೋರ್‌ಬೋರ್ಡ್‌ಗೆ ಈ ಇಬ್ಬರಲ್ಲಿ ಒಂದು ಕೂದಲಿನಷ್ಟೂ ವ್ಯತ್ಯಾಸ ಕಾಣುವುದಿಲ್ಲ.

ಅದಕ್ಕೆ ಎಫೆಕ್ಟಿವ್ ಫೀಲ್ಡ್ ಗೋಲ್ ಅಂತ ಇದೆ. ಒಳಗೆ ಹೋದ ಪ್ರತಿ ತ್ರೀಗೂ ಅರ್ಧ ಬ್ಯಾಸ್ಕೆಟ್ ಜಾಸ್ತಿ ಸೇರಿಸಿ, ಆಮೇಲೆ ಒಟ್ಟು ಶಾಟ್‌ಗಳಿಂದ ಭಾಗಿಸಿ. ನಿಮ್ಮ 11ಕ್ಕೆ 58 ಜೊತೆ 15.5 ಸೇರಿಸಿ 73.5, ಅದನ್ನು 141ರಿಂದ ಭಾಗಿಸಿದರೆ 52.1. ನಿಮ್ಮ 7ಕ್ಕೆ ಒಂದೂ ತ್ರೀ ಬಿದ್ದಿಲ್ಲ, ಹಾಗಾಗಿ ಇದ್ದದ್ದೇ, 52.1.

ನೋಡಿ, ಸರಿಸಮ! ನೀವು ಬೇಕಂತಲೇ ಇಂಥ ಉದಾಹರಣೆ ಹುಡುಕಿ ತಂದಿರೋ ಅಂತ ಅನುಮಾನ ಬಂತು.

ಸ್ಕೋರ್‌ಶೀಟ್

ಇಲ್ಲ ಸರ್, ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೇ ಬರೆದೆ. 11 ಪಾಯಿಂಟಿನ ಅಂತರ ಒಂದೇ ಸಾಲಿನಲ್ಲಿ ಮಾಯ ಆಯಿತಲ್ಲ!

ಲೆಕ್ಕದ_ಹುಡುಗಿ

ಅಲ್ಲಿಗೇ ನಿಲ್ಲಿಸಬೇಡಿ. ಎಫೆಕ್ಟಿವ್ ಲೆಕ್ಕಕ್ಕೆ ಫ್ರೀ ಥ್ರೋ ಕಾಣಿಸುವುದೇ ಇಲ್ಲ. ನಿಮ್ಮ 11 ಅಲ್ಲಿಂದ 37 ಪಾಯಿಂಟ್ ತಂದಿದ್ದಾನೆ, 7 ತಂದಿರುವುದು 18.

ಟ್ರೂ ಶೂಟಿಂಗ್ ಅನ್ನುವ ಲೆಕ್ಕ ಹಿಡಿಯಿರಿ. ಒಟ್ಟು ಪಾಯಿಂಟ್ ÷ (2 × (ಶಾಟ್ ಯತ್ನ + 0.44 × ಫ್ರೀ ಥ್ರೋ ಯತ್ನ)).

7ಕ್ಕೆ: 0.44 × 41 ಅಂದರೆ 18.04. ಅದಕ್ಕೆ 119 ಸೇರಿಸಿದರೆ 137.04, ಎರಡರಷ್ಟು 274.08. 142ನ್ನು ಅದರಿಂದ ಭಾಗಿಸಿದರೆ 51.8.

11ಕ್ಕೆ: 0.44 × 44 ಅಂದರೆ 19.36. ಜೊತೆಗೆ 141, ಒಟ್ಟು 160.36, ಎರಡರಷ್ಟು 320.72. 184ನ್ನು ಭಾಗಿಸಿದರೆ 57.4.

ಅಂದರೆ ಮೊದಲ ಲೆಕ್ಕದಲ್ಲಿ 7 ಗೆದ್ದ, ಎರಡನೆಯದರಲ್ಲಿ ಇಬ್ಬರೂ ಸಮ, ಮೂರನೆಯದರಲ್ಲಿ 11 ಗೆದ್ದ. ಕೋಚ್‌ಗೆ ಇದನ್ನು ತೋರಿಸಿ.

ಹಳೇ ಗಾರ್ಡ್

ಈ 0.44 ಎಲ್ಲಿಂದ ಉದುರಿತು ತಾಯಿ? ಫೌಲ್ ಆದರೆ ಎರಡು ಫ್ರೀ ಥ್ರೋ. ಎರಡು ಫ್ರೀ ಥ್ರೋ ಸೇರಿ ಒಂದು ಶಾಟ್‌ಗೆ ಸಮ. ಅಂದರೆ ಒಂದಕ್ಕೆ 0.5 ಆಗಬೇಕು. ನನಗೆ ಇಂಥ ಚಿಲ್ಲರೆ ಸಂಖ್ಯೆ ಕಂಡರೆ ಯಾರೋ ತಮಗೆ ಬೇಕಾದ ಉತ್ತರಕ್ಕೆ ತಕ್ಕ ಹಾಗೆ ತಿರುಚಿದ್ದಾರೆ ಅನಿಸುತ್ತದೆ.

ಲೆಕ್ಕದ_ಹುಡುಗಿ

ಅನುಮಾನ ಪಡುವುದು ಒಳ್ಳೆಯದೇ, ಆದರೆ ಇದಕ್ಕೆ ಕಾರಣ ಇದೆ. ಎಲ್ಲ ಫ್ರೀ ಥ್ರೋಗಳೂ ಜೋಡಿಯಾಗಿ ಬರುವುದಿಲ್ಲ. ಶಾಟ್ ಒಳಗೆ ಹೋಗಿ ಮೇಲಿಂದ ಫೌಲ್ ಕೂಡ ಸಿಕ್ಕಿತು ಅನ್ನಿ, ಆಗ ಒಂದು ಫ್ರೀ ಥ್ರೋ ಸಿಗುತ್ತದೆ, ಆದರೆ ಆ ಶಾಟನ್ನು ಆಗಲೇ ಎಣಿಸಿ ಆಗಿದೆ. ಇನ್ನೊಮ್ಮೆ ಎಣಿಸಿದರೆ ತಪ್ಪು. ಟೆಕ್ನಿಕಲ್ ಫೌಲ್‌ಗೆ (ಅಶಿಸ್ತಿನಂಥ ತಪ್ಪಿಗೆ) ಬರುವ ಫ್ರೀ ಥ್ರೋಗೂ ಅಷ್ಟೇ, ಬಾಲ್ ನಿಮ್ಮ ಕೈಬಿಟ್ಟು ಹೋಗುವುದಿಲ್ಲ. ತ್ರೀ ಎಸೆಯುವಾಗ ಫೌಲ್ ಆದರೆ ಮೂರು ಸಿಗುತ್ತವೆ, ಅಲ್ಲಿ ಒಂದರ ತೂಕ ಮೂರನೇ ಒಂದು ಭಾಗ. ಇವೆಲ್ಲ ಸೇರಿ ಸರಾಸರಿ 0.5ರಿಂದ ಕೆಳಗೆ ಇಳಿಯುತ್ತದೆ. ಎನ್‌ಬಿಎ ಪಂದ್ಯಗಳಲ್ಲಿ ಅದು 0.44ರ ಹತ್ತಿರ ಬಂದು ನಿಂತಿದೆ.

ಇದು ದೇವರು ಕೊಟ್ಟ ಸಂಖ್ಯೆ ಏನಲ್ಲ. ಅಮೆರಿಕದ ಕಾಲೇಜು ಪಂದ್ಯಗಳಿಗೆ ಲೆಕ್ಕ ಹಾಕುವವರು 0.475 ಬಳಸುತ್ತಾರೆ. ಹುಡುಗರ ಕಾಲೇಜು ಆಟದಲ್ಲಿ, ತಂಡದ ಫೌಲ್‌ಗಳು ಒಂದು ಮಟ್ಟ ಮುಟ್ಟಿದ ಮೇಲೆ, ಮೊದಲ ಫ್ರೀ ಥ್ರೋ ಹಾಕಿದರೆ ಮಾತ್ರ ಎರಡನೆಯದು ಸಿಗುವ ನಿಯಮ ಇದೆ. ಮೊದಲನೆಯದು ತಪ್ಪಿದರೆ ಒಂದೇ ಎಸೆತಕ್ಕೆ ಒಂದು ಅವಕಾಶ ಮುಗಿದು ಹೋಯಿತು. ಅಲ್ಲಿ ಪ್ರತಿ ಫ್ರೀ ಥ್ರೋ ತೂಕ ಜಾಸ್ತಿ.

ಆರನೇ ಆಟಗಾರ

ಇದೇ ಕಾರಣಕ್ಕೆ ಹಳೇ ಕಾಲದ ಆಟಗಾರರ ಟ್ರೂ ಶೂಟಿಂಗನ್ನು ಸ್ವಲ್ಪ ಉಪ್ಪು ಖಾರ ಬಿಟ್ಟು ನೋಡಬೇಕು. 1981ರ ತನಕ ಎನ್‌ಬಿಎಯಲ್ಲಿ ಕೆಲವು ಫೌಲ್‌ಗಳಿಗೆ ಎರಡು ಹಾಕಲು ಮೂರು ಅವಕಾಶ ಕೊಡುತ್ತಿದ್ದರು. ಆ ವರ್ಷಗಳಿಗೂ ಅದೇ 0.44 ಹಾಕಿದರೆ ಲೆಕ್ಕ ಅಲ್ಲಿ ಇಲ್ಲಿ ಜಾರುತ್ತದೆ.

ಇನ್ನೊಂದು ಮಾತು. ಟ್ರೂ ಶೂಟಿಂಗ್ ಹೆಸರಿಗೆ ಪರ್ಸೆಂಟೇಜ್, ನಿಜವಾಗಿ ಪರ್ಸೆಂಟೇಜೇ ಅಲ್ಲ. ಒಬ್ಬ ಬಂದು ಒಂದು ತ್ರೀ ಎಸೆದು ಹಾಕಿ ಬೆಂಚಿಗೆ ಹೋದ ಅನ್ನಿ. ಅವನ ಟ್ರೂ ಶೂಟಿಂಗ್ 150. ನೂರಕ್ಕೆ ನೂರೈವತ್ತು! ಅದನ್ನು ಎರಡರಿಂದ ಗುಣಿಸಿ, ಒಂದು ಅವಕಾಶಕ್ಕೆ ಎಷ್ಟು ಪಾಯಿಂಟ್ ಅಂತ ಓದಿದರೆ ತಲೆಗೆ ಬೇಗ ಹತ್ತುತ್ತದೆ. 57.4 ಅಂದರೆ ಪ್ರತಿ ಅವಕಾಶಕ್ಕೆ 1.15 ಪಾಯಿಂಟ್. 51.8 ಅಂದರೆ 1.04. ಕೋಚ್‌ಗಳಿಗೆ ಹೀಗೆ ಹೇಳಿ ನೋಡಿ, ಜಗಳ ಅರ್ಧ ಕಡಿಮೆ ಆಗುತ್ತದೆ.

ಹಳೇ ಗಾರ್ಡ್

ಸರಿ, 0.44ರ ವಿಷಯ ಒಪ್ಪಿದೆ. ಆದರೂ ನನ್ನ ತಕರಾರು ಬೇರೆ. ಶಾಟ್ ಕ್ಲಾಕ್‌ನಲ್ಲಿ (ಶಾಟ್ ಎಸೆಯಲು ತಂಡಕ್ಕೆ ಇರುವ ಗಡುವು) 3 ಸೆಕೆಂಡ್ ಉಳಿದಿದೆ, ಯಾರಿಗೂ ಜಾಗ ಸಿಕ್ಕಿಲ್ಲ, ಎಲ್ಲರೂ ಕೈ ಚೆಲ್ಲಿ ಬಾಲನ್ನು ಗಾರ್ಡ್ ಕೈಗೆ ತಳ್ಳುತ್ತಾರೆ. ಅವನು ಮೈಮೇಲೆ ಒಬ್ಬನನ್ನು ಹೊತ್ತುಕೊಂಡೇ ಎಸೆಯಬೇಕು. ಎಸೆಯದಿದ್ದರೆ ಬಾಲ್ ಹೋಯಿತು. ತಂಡದ ಕಸ ಎತ್ತಿದವನ ಪರ್ಸೆಂಟೇಜ್ ಬೀಳುತ್ತದೆ, ಎಸೆಯದೆ ಪಕ್ಕಕ್ಕೆ ದಾಟಿಸಿದವನ ಪರ್ಸೆಂಟೇಜ್ ಪರಿಶುದ್ಧ. ಇಪ್ಪತ್ತು ವರ್ಷ ಈ ಕಸ ಎತ್ತಿದವನು ನಾನು, ಅದಕ್ಕೇ ಹೊಟ್ಟೆ ಉರಿ.

ಪಂದ್ಯದಲ್ಲೂ ಅಷ್ಟೇ, ಕ್ವಾರ್ಟರ್ ಮುಗಿಯುವ ಹೊತ್ತಿಗೆ ಅರ್ಧ ಕೋರ್ಟ್‌ನಿಂದ ಎಸೆಯಲು ಹಿಂಜರಿಯುವವರನ್ನು ಕಣ್ಣಾರೆ ಕಂಡಿದ್ದೇನೆ. ಬೆಲ್ ಹೊಡೆದ ಮೇಲೆ ಅರ್ಧ ಸೆಕೆಂಡ್ ತಡವಾಗಿ ಎಸೆಯುವುದು, ಒಳಗೆ ಹೋದರೆ ಕೈ ಎತ್ತುವುದು. ಪರ್ಸೆಂಟೇಜ್ ಕಾಪಾಡಿಕೊಳ್ಳುವ ನಾಟಕ.

ಬ್ಯಾಂಕ್‌ಶಾಟ್

ಆ ನಾಟಕಕ್ಕೆ ಎನ್‌ಬಿಎ ಈಗ ಮದ್ದು ಅರೆದಿದೆ. 2025-26ರಿಂದ, ಮೊದಲ ಮೂರು ಕ್ವಾರ್ಟರ್‌ಗಳ ಕೊನೆಯ 3 ಸೆಕೆಂಡಿನಲ್ಲಿ, ತಮ್ಮ ಅರ್ಧದಿಂದ ಶುರುವಾದ ಆಟದಲ್ಲಿ, 36 ಅಡಿ ಅಥವಾ ಅದಕ್ಕಿಂತ ದೂರದಿಂದ ಎಸೆದ ಶಾಟ್ ತಪ್ಪಿದರೆ ಅದು ತಂಡದ ಖಾತೆಗೆ ಹೋಗುತ್ತದೆ. ಆಟಗಾರನ ಲೆಕ್ಕಕ್ಕೆ ತಾಗುವುದಿಲ್ಲ.

ಶಾಟ್ ಕ್ಲಾಕ್ ಕಸಕ್ಕೆ ಮಾತ್ರ ಮದ್ದಿಲ್ಲ. ಅದು ಅವನ ಖಾತೆಗೇ.

ಪಿವೋಟ್_ಕಾಲು

ಹಳೇ ಗಾರ್ಡ್ ಹೇಳುತ್ತಿರುವುದು ನಿಜವಾದ ತೊಂದರೆ. ನಾವು ಇಲ್ಲಿಯವರೆಗೆ ಲೆಕ್ಕ ಹಾಕಿದ್ದೆಲ್ಲ ಶಾಟ್ ಒಳಗೆ ಹೋಯಿತಾ ಇಲ್ವಾ ಅನ್ನುವುದನ್ನು. ಎಂಥ ಶಾಟ್ ಅದು ಅನ್ನುವುದನ್ನು ಯಾರೂ ಕೇಳಲಿಲ್ಲ.

ಎನ್‌ಬಿಎಯ ಎಲ್ಲ ಕೋರ್ಟ್‌ಗಳಲ್ಲೂ 2013-14ರಿಂದ ಛಾವಣಿಯಲ್ಲಿ ಕ್ಯಾಮೆರಾಗಳು ಇವೆ. ಬಾಲ್ ಎಲ್ಲಿತ್ತು, ಹತ್ತಿರದ ಡಿಫೆಂಡರ್ ಎಷ್ಟು ದೂರ ಇದ್ದ, ಎಸೆಯುವ ಮುಂಚೆ ಎಷ್ಟು ಸಲ ಡ್ರಿಬಲ್ ಮಾಡಿದ, ಎಲ್ಲ ದಾಖಲಾಗುತ್ತದೆ. ಅದರ ಮೇಲೆ, ಇಂಥ ಶಾಟನ್ನು ಸಾಧಾರಣ ಆಟಗಾರ ಎಸೆದಿದ್ದರೆ ಎಷ್ಟು ಪಾಯಿಂಟ್ ಬರಬೇಕಿತ್ತು ಅಂತ ಅಂದಾಜು ಹಾಕುತ್ತಾರೆ. ಬಂದದ್ದರಲ್ಲಿ ಬರಬೇಕಾಗಿದ್ದನ್ನು ಕಳೆದರೆ ಉಳಿಯುವುದು ಅವನ ಕೈಗುಣ. ಬರಬೇಕಾಗಿದ್ದೇ ಜಾಸ್ತಿ ಇದ್ದರೆ ಅದು ಶಾಟ್ ಆರಿಸಿಕೊಳ್ಳುವ ಬುದ್ಧಿ, ಇಲ್ಲವೇ ಪಾಸ್ ಕೊಟ್ಟವನ ಪುಣ್ಯ. ಈ ಎರಡನ್ನು ಬೇರೆ ಮಾಡಿ ನೋಡುವುದೇ ಒಂದು ದೊಡ್ಡ ವಿಷಯ. ಟ್ರೂ ಶೂಟಿಂಗ್ ಎರಡನ್ನೂ ಕಲಸಿ ಒಂದೇ ಉಂಡೆ ಮಾಡಿ ಕೊಡುತ್ತದೆ.

ಸ್ಕೋರ್‌ಶೀಟ್ ಅವರೇ, ನಿಮಗೆ ಕ್ಯಾಮೆರಾ ಬೇಕಿಲ್ಲ. ಪ್ರತಿ ಶಾಟ್ ಪಕ್ಕದಲ್ಲಿ ಒಂದು ಸಣ್ಣ ಗುರುತು ಸಾಕು. ಮುಂದೆ ಯಾರೂ ಇಲ್ಲದಿದ್ದರೆ ಸೊನ್ನೆ, ಕೈ ಅಡ್ಡ ಬಂದಿದ್ದರೆ ಅಡ್ಡಗೆರೆ. ರಿಂಗ್ ಹತ್ತಿರ, ಮಧ್ಯ, ತ್ರೀ ಅಂತ ಮೂರು ಜಾಗ. ಒಂದು ಸೀಸನ್ ಬರೆದು ನೋಡಿ.

ಆರನೇ ಆಟಗಾರ

ಜಾಗದ ಮಾತು ಬಂದಿದ್ದರಿಂದ ಸುಮ್ನೆ ಒಂದು ಲೆಕ್ಕ. ರಿಂಗ್ ಕೆಳಗಿನಿಂದ 65 ಪರ್ಸೆಂಟ್ ಹಾಕುವವನಿಗೆ ಒಂದು ಶಾಟ್‌ಗೆ 1.30 ಪಾಯಿಂಟ್. 36 ಪರ್ಸೆಂಟ್ ತ್ರೀಗೆ 1.08. ಮಧ್ಯದಿಂದ 42 ಪರ್ಸೆಂಟ್ ಹಾಕಿದರೆ, ಅದು ನೋಡಲು ಎಷ್ಟು ಚೆಂದ ಇದ್ದರೂ, 0.84. ಮಧ್ಯದ ಶಾಟ್ ಎನ್‌ಬಿಎಯಲ್ಲಿ ಬಡವಾಗಿದ್ದಕ್ಕೆ ಇದಕ್ಕಿಂತ ದೊಡ್ಡ ಗುಟ್ಟು ಏನೂ ಇಲ್ಲ. ತ್ರೀ ಗೆರೆ ಬಂದ ಮೊದಲ ಸೀಸನ್‌ನಲ್ಲಿ ಒಂದು ತಂಡ ಒಂದು ಪಂದ್ಯಕ್ಕೆ 3 ತ್ರೀ ಕೂಡ ಎಸೆಯುತ್ತಿರಲಿಲ್ಲ, 2023-24ರಲ್ಲಿ 35 ಎಸೆದರು.

ಗೆರೆಯ ಮೂಲೆಗಳಲ್ಲಿ ಇನ್ನೂ ಲಾಭ. ಎನ್‌ಬಿಎ ಗೆರೆ ಮೇಲ್ಭಾಗದಲ್ಲಿ 23 ಅಡಿ 9 ಇಂಚು, ಮೂಲೆಯಲ್ಲಿ 22 ಅಡಿ. ಪಾಯಿಂಟ್ ಮಾತ್ರ ಎರಡು ಕಡೆಯೂ ಮೂರೇ. ಅಂತಾರಾಷ್ಟ್ರೀಯ ಸಂಸ್ಥೆ ಫಿಬಾದ ಗೆರೆ 6.75 ಮೀಟರ್, ಅಲ್ಲಿ ಮೂಲೆಯ ರಿಯಾಯಿತಿ ಇಷ್ಟು ದೊಡ್ಡದಲ್ಲ, 6.60.

ಹಳೇ ಗಾರ್ಡ್

ನೋಡಲು ಚೆಂದ ಅಂದಿರಲ್ಲ, ಅಷ್ಟು ಸಾಕು ನನಗೆ. ಆದರೆ ಗಂಭೀರವಾಗಿ ಒಂದು ಪ್ರಶ್ನೆ. ಕಸದ ಹೊತ್ತಿನ ಮಧ್ಯದ ಶಾಟನ್ನು 1.08ರ ಪಕ್ಕ ಇಟ್ಟು ಹೋಲಿಸುವುದು ಸರಿಯಾ? ಆ ಹೊತ್ತಿಗೆ ಖಾಲಿ ತ್ರೀ ಎಲ್ಲಿ ಇರುತ್ತದೆ? ಅಲ್ಲಿ ಪರ್ಯಾಯ ಅಂದರೆ ಸೊನ್ನೆ. ಸೊನ್ನೆಯ ಪಕ್ಕದಲ್ಲಿ 0.84 ಚಿನ್ನ.

ಲೆಕ್ಕದ_ಹುಡುಗಿ

ಒಪ್ಪಿದೆ, ಇದು ನಿಮ್ಮ ಪಾಯಿಂಟ್. 0.84ನ್ನು ಶಾಟ್ ಕ್ಲಾಕ್‌ನಲ್ಲಿ 18 ಸೆಕೆಂಡ್ ಉಳಿದಿರುವಾಗ ಎಸೆದರೆ ನಷ್ಟ, 2 ಸೆಕೆಂಡ್ ಉಳಿದಿರುವಾಗ ಎಸೆದರೆ ಲಾಭ.

ಬ್ಯಾಂಕ್‌ಶಾಟ್

ದೊಡ್ಡ ಆಟಗಾರರ ಲೆಕ್ಕ ನೋಡಿದರೆ ಈ ಸಂಖ್ಯೆಗಳ ಗುಣ ಚೆನ್ನಾಗಿ ತಿಳಿಯುತ್ತದೆ. ಸ್ಟೀಫನ್ ಕರಿ 2015-16ರಲ್ಲಿ 1598 ಶಾಟ್‌ಗೆ 805 ಹಾಕಿದ, ಅಂದರೆ 50.4. ಕೇಳಲು ಅಂಥ ವಿಶೇಷ ಏನಲ್ಲ, ರಿಂಗ್ ಕೆಳಗೆ ಆಡುವ ಸೆಂಟರ್‌ಗಳಲ್ಲಿ ಅಷ್ಟು ಹಾಕುವವರು ಬೇಕಾದಷ್ಟು ಜನ. ಆದರೆ ಅದರಲ್ಲಿ 402 ತ್ರೀ. ಎಫೆಕ್ಟಿವ್ ಲೆಕ್ಕದಲ್ಲಿ 63.0. ಫ್ರೀ ಥ್ರೋ 400ಕ್ಕೆ 363, ಅದನ್ನೂ ಸೇರಿಸಿದರೆ ಟ್ರೂ ಶೂಟಿಂಗ್ 66.9. ಆ ವರ್ಷ ಇಡೀ ಲೀಗ್‌ನ ಸರಾಸರಿ 54ರ ಆಸುಪಾಸು.

ಈಗ ಇನ್ನೊಂದು ತುದಿ. ವಿಲ್ಟ್ ಚೇಂಬರ್ಲೇನ್ 1972-73ರಲ್ಲಿ 586ಕ್ಕೆ 426, ಅಂದರೆ 72.7 ಪರ್ಸೆಂಟ್. ಫ್ರೀ ಥ್ರೋ 455ಕ್ಕೆ 232, ಅರ್ಧಕ್ಕಿಂತ ಚೂರು ಜಾಸ್ತಿ. ಟ್ರೂ ಶೂಟಿಂಗ್ 68.9. ಬೇರೆ ಯಾರಿಗಾದರೂ ಇದು ಕನಸು, ಆದರೆ 72.7 ಇದ್ದವನಿಗೆ ಫ್ರೀ ಥ್ರೋ ಗೆರೆ ಸುಂಕ ಕೀಳುತ್ತಿರುವುದು ಅಲ್ಲಿ ಕಾಣುತ್ತದೆ.

ಜೇಮ್ಸ್ ಹಾರ್ಡನ್ 2018-19: 44.2 ಪರ್ಸೆಂಟ್. ಬರೀ ಇದನ್ನು ಓದಿದವರು ಮೂಗು ಮುರಿಯುತ್ತಾರೆ. 378 ತ್ರೀ ಮತ್ತು 754 ಫ್ರೀ ಥ್ರೋ ಸೇರಿದ ಮೇಲೆ ಟ್ರೂ ಶೂಟಿಂಗ್ 61.6, ಅದೂ ಪಂದ್ಯಕ್ಕೆ 36.1 ಪಾಯಿಂಟ್ ಹೊರುತ್ತಾ.

ಪಿವೋಟ್_ಕಾಲು

ಕಾಲ ಬದಲಾದರೆ ಅಳತೆಯ ಅರ್ಥವೂ ಬದಲಾಗುತ್ತದೆ ಅನ್ನುವುದನ್ನು ಮರೆಯಬೇಡಿ. ಅದೇ ವಿಲ್ಟ್ 1961-62ರಲ್ಲಿ ಪಂದ್ಯಕ್ಕೆ 50.4 ಪಾಯಿಂಟ್ ಹೊಡೆದಾಗ ಟ್ರೂ ಶೂಟಿಂಗ್ 53.6. ಇವತ್ತಿನ ಎನ್‌ಬಿಎ ಸರಾಸರಿ 58ರ ಹತ್ತಿರ ಇದೆ, ಅದರ ಪಕ್ಕ ಇಟ್ಟರೆ ಅವನು ಸರಾಸರಿಗಿಂತ ಕೆಳಗೆ! ಆದರೆ ಆಗ ಲೀಗ್ ಪೂರ್ತಿ ಹಾಕುತ್ತಿದ್ದದ್ದೇ 42.6 ಪರ್ಸೆಂಟ್ ಶಾಟ್. ಅವನು 50.6. ಅದಕ್ಕೇ ಈಗ ಬಹಳ ಜನ ಆ ವರ್ಷದ ಸರಾಸರಿಯನ್ನು ಕಳೆದು ಉಳಿದದ್ದನ್ನು ಮಾತ್ರ ಹೇಳುತ್ತಾರೆ. ಕರಿ ಆ ವರ್ಷ ಸರಾಸರಿಗಿಂತ ಸುಮಾರು 13 ಮೇಲೆ ಇದ್ದ ಅಂದರೆ ಅವನ ಎತ್ತರ ತಿಳಿಯುತ್ತದೆ.

50-40-90 ಅಂತ ಒಂದು ಕ್ಲಬ್ ಇದೆ ಗೊತ್ತಲ್ಲ, ಶಾಟ್ 50, ತ್ರೀ 40, ಫ್ರೀ ಥ್ರೋ 90 ಪರ್ಸೆಂಟ್. ಲ್ಯಾರಿ ಬರ್ಡ್ 1986-87ರಲ್ಲಿ ಮೊದಲು ಮುಟ್ಟಿದ್ದು, ಸ್ಟೀವ್ ನ್ಯಾಶ್ ನಾಲ್ಕು ಸಲ, ಮಹಿಳೆಯರ ಡಬ್ಲ್ಯೂಎನ್‌ಬಿಎಯಲ್ಲಿ ಎಲೆನಾ ಡೆಲೆ ಡಾನ್ 2019ರಲ್ಲಿ ಮೊದಲಿಗಳು. ಚೆಂದದ ಕ್ಲಬ್ಬೇ, ಆದರೆ ಅಳತೆಯಾಗಿ ಅಷ್ಟಕ್ಕಷ್ಟೇ. ಹಾರ್ಡನ್‌ಗೆ ಅಲ್ಲಿ ಬಾಗಿಲೇ ತೆರೆಯುವುದಿಲ್ಲ.

ಆರನೇ ಆಟಗಾರ

ಫ್ರೀ ಥ್ರೋ ಸುಂಕ ಅಂದಾಗ ಶಕೀಲ್ ಓನೀಲ್ ನೆನಪಾದ. ಇಡೀ ವೃತ್ತಿಯಲ್ಲಿ ಫ್ರೀ ಥ್ರೋ 52.7 ಪರ್ಸೆಂಟ್. ಅದಕ್ಕೇ ಎದುರಾಳಿಗಳು ಬಾಲ್ ಅವನ ಕೈಗೆ ಬರುವ ಮುಂಚೆಯೇ ಹಿಡಿದು ಫೌಲ್ ಮಾಡುತ್ತಿದ್ದರು. ಲೆಕ್ಕ ಮಾಡಿ: ಎರಡು ಎಸೆತಕ್ಕೆ 1.054 ಪಾಯಿಂಟ್. ಆ ಕಾಲದಲ್ಲಿ ಸಾಧಾರಣ ತಂಡಗಳು ಒಂದು ಪೊಸೆಷನ್‌ಗೆ (ಬಾಲ್ ಕೈಗೆ ಬಂದ ಒಂದು ಸಲಕ್ಕೆ) ತರುತ್ತಿದ್ದದ್ದೂ ಹೆಚ್ಚು ಕಡಿಮೆ ಅಷ್ಟೇ! ಇಷ್ಟು ಗಲಾಟೆ ಮಾಡಿ ಒಂದು ಸಾಧಾರಣ ತಂಡವನ್ನು ತಂದು ನಿಲ್ಲಿಸಿಕೊಂಡ ಹಾಗಾಯಿತು. ಅವನ ತಂಡ ಸಾಧಾರಣಕ್ಕಿಂತ ಚೆನ್ನಾಗಿ ಆಡುತ್ತಿದ್ದರೆ ಮಾತ್ರ ಎದುರಾಳಿಗೆ ಏನೋ ಉಳಿಯುತ್ತಿತ್ತು.

ಮೂರಕ್ಕೆಮೂರು

ನಾನು ಆಡುವುದು 3x3, ಅರ್ಧ ಕೋರ್ಟ್ ಆಟ. ಅಲ್ಲಿ ಗೆರೆ ಒಳಗೆ 1 ಪಾಯಿಂಟ್, ಹೊರಗೆ 2. ಈ ಸೂತ್ರಗಳು ನಮಗೆ ಹೊಂದುತ್ತವಾ?

ಲೆಕ್ಕದ_ಹುಡುಗಿ

ಹಾಗೇ ಎತ್ತಿ ಹಾಕಿದರೆ ಹೊಂದುವುದಿಲ್ಲ. ಐದು ಜನರ ಆಟದಲ್ಲಿ ಹೊರಗಿನ ಶಾಟ್ ಒಳಗಿನದರ ಒಂದೂವರೆ ಪಟ್ಟು. ನಿಮ್ಮಲ್ಲಿ ಎರಡು ಪಟ್ಟು. ಹಾಗಾಗಿ ಅರ್ಧ ಬದಲು ಪೂರ್ತಿ ಒಂದು ಬ್ಯಾಸ್ಕೆಟ್ ಸೇರಿಸಬೇಕು. ಹೊರಗಿನಿಂದ 30 ಪರ್ಸೆಂಟ್ ಹಾಕುವವನನ್ನು ಸರಿಗಟ್ಟಲು ಒಳಗಿನವನು 60 ಹಾಕಬೇಕು. ಐದರ ಆಟದಲ್ಲಿ 45 ಸಾಕಿತ್ತು. ಒಳಗೆ ಫೌಲ್ ಆದರೆ ನಿಮಗೆ ಒಂದೇ ಫ್ರೀ ಥ್ರೋ, ಹೊರಗೆ ಆದರೆ ಎರಡು. 0.44 ಅಲ್ಲಿ ಬರುವುದೇ ಇಲ್ಲ. ಸುಮ್ನೆ ಅವಕಾಶ ಎಣಿಸಿ, ಪಾಯಿಂಟ್ ಎಣಿಸಿ, ಭಾಗಿಸಿ.

ಬ್ಯಾಂಕ್‌ಶಾಟ್

ಮೂಲ ಪ್ರಶ್ನೆಗೆ ವಾಪಸ್ ಬರೋಣ. ಸ್ಕೋರ್‌ಶೀಟ್ ಅವರೇ, ಇಬ್ಬರ ಟರ್ನೋವರ್, ಅಂದರೆ ಶಾಟ್ ಎಸೆಯದೆಯೇ ಬಾಲ್ ಎದುರಾಳಿಗೆ ಕಳೆದುಕೊಂಡದ್ದು, ಎಷ್ಟು?

ಸ್ಕೋರ್‌ಶೀಟ್

7ನೇ ನಂಬರ್ 9, 11ನೇ ನಂಬರ್ 41. ಹೌದು, 41, ಸರಿಯಾಗೇ ಓದಿದ್ದೀರಿ. ಹುಡುಗ ಇಬ್ಬರ ನಡುವೆ ಪಾಸ್ ತೂರಿಸುವ ಚಟದವನು. ಅಸಿಸ್ಟ್ (ಬ್ಯಾಸ್ಕೆಟ್ ಆಗಿ ಮುಗಿದ ಪಾಸ್) 52.

ಬ್ಯಾಂಕ್‌ಶಾಟ್

ಹಾಗಿದ್ದರೆ ಕಥೆ ಮತ್ತೆ ಮಗುಚಿತು. ಟ್ರೂ ಶೂಟಿಂಗ್‌ಗೆ ಶಾಟ್ ತನಕ ತಲುಪದೆ ಹೋದ ಬಾಲ್ ಕಾಣುವುದಿಲ್ಲ. ಅದನ್ನೂ ಅವಕಾಶ ಅಂತ ಎಣಿಸಿದರೆ 7ಕ್ಕೆ 142 ÷ 146, ಅಂದರೆ 0.97. 11ಕ್ಕೆ 184 ÷ 201.36, ಅಂದರೆ 0.91. 7 ಮತ್ತೆ ಮುಂದೆ.

ಪಿವೋಟ್_ಕಾಲು

ತಡೀರಿ ತಡೀರಿ. ಅದು ಶೂಟಿಂಗ್ ಅಳತೆಯೇ ಅಲ್ಲ. ಟರ್ನೋವರ್ ಬಂದಿದ್ದು ಪಾಸ್ ಕೊಡಲು ಹೋಗಿ, ಪಾಸ್‌ನಿಂದ ಬಂದ ಪಾಯಿಂಟ್ ಬೇರೆಯವರ ಖಾತೆಗೆ. ಖರ್ಚು ಇವನದು, ಜಮಾ ಇನ್ನೊಬ್ಬನದು. 52 ಅಸಿಸ್ಟ್‌ಗಳಲ್ಲಿ 7ಕ್ಕೆ ಹೋದದ್ದು ಎಷ್ಟು ಅಂತ ನೋಡಿ. ಬ್ಯಾಸ್ಕೆಟ್‌ಬಾಲ್ ಅಂಕಿಅಂಶ ತಜ್ಞ ಡೀನ್ ಆಲಿವರ್ ಗೆಲುವಿಗೆ ನಾಲ್ಕು ಅಂಶ ಅಂತ ಹೇಳಿ ತೂಕ ಕೊಟ್ಟಾಗ ಶೂಟಿಂಗ್‌ಗೆ 40 ಪರ್ಸೆಂಟ್, ಟರ್ನೋವರ್‌ಗೆ 25, ರಿಬೌಂಡ್‌ಗೆ 20, ಫ್ರೀ ಥ್ರೋಗೆ 15 ಅಂತ ಬೇರೆ ಬೇರೆಯಾಗೇ ಇಟ್ಟಿದ್ದು. ಒಂದೇ ಸಂಖ್ಯೆಯಲ್ಲಿ ಎಲ್ಲವನ್ನೂ ತುರುಕಲು ಹೋದರೆ ಯಾವುದು ಕೆಟ್ಟಿದೆ ಅಂತ ತಿಳಿಯುವುದಿಲ್ಲ.

ಸ್ಕೋರ್‌ಶೀಟ್

ಎಣಿಸಿದೆ. 52ರಲ್ಲಿ 33 ಪಾಸ್ 7ನೇ ನಂಬರ್‌ಗೇ. ಅವನ 62 ಬ್ಯಾಸ್ಕೆಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ 11 ಕೊಟ್ಟ ಪಾಸ್‌ನಿಂದ.

ಆದರೆ ಹೀಗೆ ಪುಸ್ತಕ ತಿರುವಿ ಹಾಕುವಾಗ ಒಂದು ಭಾರಿ ಎಡವಟ್ಟು ಕಣ್ಣಿಗೆ ಬಿತ್ತು. ಹೇಳಲು ನಾಚಿಕೆ. ಎಸೆಯುವಾಗ ಫೌಲ್ ಆಗಿ ಶಾಟ್ ತಪ್ಪಿದರೆ ಅದನ್ನು ಶಾಟ್ ಯತ್ನ ಅಂತ ಬರೆಯಬಾರದು ಅಲ್ವಾ? ನಾನು ಇಷ್ಟು ದಿನ ಬರೆಯುತ್ತಿದ್ದೆ. ಬಾಲ್ ಕೈಬಿಟ್ಟಿತಲ್ಲ, ಎಸೆದಿದ್ದಾನೆ ಅಂತ.

ಲೆಕ್ಕದ_ಹುಡುಗಿ

ಅಯ್ಯೋ! ಹೌದು, ಬರೆಯಬಾರದು. ಆ ಅವಕಾಶವನ್ನು ಫ್ರೀ ಥ್ರೋ ಕಡೆಯಿಂದ ಎಣಿಸುತ್ತೇವೆ. ನೀವು ಎರಡು ಸಲ ಎಣಿಸಿದಂತೆ ಆಯಿತು. ರಿಂಗ್ ಕೆಳಗೆ ಆಡುವವನಿಗೆ ಇದರ ಪೆಟ್ಟು ಜಾಸ್ತಿ ಬಿದ್ದಿರುತ್ತದೆ. ಅಂಥವು ಎಷ್ಟು?

ಸ್ಕೋರ್‌ಶೀಟ್

ಪೂರ್ತಿ ಕೂತು ಎಣಿಸಿದೆ, ಮೂರು ಗಂಟೆ ಹೋಯಿತು.

7: ಫೌಲ್ ಆಗಿ ತಪ್ಪಿದ ಶಾಟ್ 15, ಎಲ್ಲ ಎರಡೆರಡು ಫ್ರೀ ಥ್ರೋ. ಶಾಟ್ ಒಳಗೆ ಹೋಗಿ ಮೇಲೊಂದು ಸಿಕ್ಕಿದ್ದು 5. ಎದುರಾಳಿ ತಂಡದ ಫೌಲ್ ಮಿತಿ ತುಂಬಿದ್ದಕ್ಕೆ ಸಿಕ್ಕಿದ್ದು 3 ಸಲ, ಎರಡೆರಡು. ಒಟ್ಟು 41, ತಾಳೆ ಆಯಿತು.

11: ಫೌಲ್ ಆಗಿ ತಪ್ಪಿದ್ದು 6, ಅದರಲ್ಲಿ ಒಂದು ತ್ರೀ. ಮೇಲೊಂದು ಸಿಕ್ಕಿದ್ದು 1. ತಂಡದ ಫೌಲ್‌ನಿಂದ 14 ಸಲ. ಟೆಕ್ನಿಕಲ್ 2. ಒಟ್ಟು 44, ಇದೂ ತಾಳೆ.

ಲೆಕ್ಕದ_ಹುಡುಗಿ

ಇಷ್ಟು ಚೊಕ್ಕ ಲೆಕ್ಕ ಇದ್ದರೆ 0.44ರ ಹಂಗೇ ಬೇಡ, ನಿಜವಾದ ಅವಕಾಶವನ್ನೇ ಎಣಿಸೋಣ.

7ಕ್ಕೆ ಶಾಟ್ ಯತ್ನ 104ಕ್ಕೆ ಇಳಿಯಿತು. ಫೀಲ್ಡ್ ಗೋಲ್ 59.6. ಫ್ರೀ ಥ್ರೋ ಅವಕಾಶ 15 ಮತ್ತು 3, ಒಟ್ಟು 18. ಹಳೇ ಗಾರ್ಡ್ ಅವರೇ, 0.44 × 41 ಎಷ್ಟು ಬಂದಿತ್ತು ನೆನಪಿದೆಯಾ? 18.04. ಒಟ್ಟು ಅವಕಾಶ 122. ಟ್ರೂ ಶೂಟಿಂಗ್ 58.2.

11ಕ್ಕೆ ಯತ್ನ 135. ಫೀಲ್ಡ್ ಗೋಲ್ 43.0, ಎಫೆಕ್ಟಿವ್ 54.4. ಫ್ರೀ ಥ್ರೋ ಅವಕಾಶ 6 ಮತ್ತು 14, ಒಟ್ಟು 20. ಎಲ್ಲ ಸೇರಿ 155. ಟ್ರೂ ಶೂಟಿಂಗ್ 59.4.

ಮೊದಲು ಐದೂವರೆ ಪಾಯಿಂಟ್ ಇದ್ದ ಅಂತರ ಈಗ 1.2. ಮೇಲೆ ನಾನು ಕೋಚ್‌ಗೆ ತೋರಿಸಿ ಅಂದಿದ್ದೆ. ತೋರಿಸಿಲ್ಲ ತಾನೇ?

ಸ್ಕೋರ್‌ಶೀಟ್

ತೋರಿಸಿ ಬಂದೆ.

ಹಳೇ ಗಾರ್ಡ್

ಹ್ಹಹ್ಹಹ್ಹ. ಸೂತ್ರದ ಮೇಲೆ ನಾನು ಅನುಮಾನ ಪಟ್ಟೆ, ಅನುಮಾನ ಪಡಬೇಕಾಗಿದ್ದದ್ದು ಪೆನ್ನಿನ ಮೇಲೆ.

ಆದರೂ ಒಂದು ಹೇಳುತ್ತೇನೆ. 11ಕ್ಕೆ 14 ಸಲ ತಂಡದ ಫೌಲ್‌ನಿಂದ ಸಿಕ್ಕಿದೆ. ನನ್ನ ಅನುಭವದಲ್ಲಿ ಅವೆಲ್ಲ ಪಂದ್ಯದ ಕೊನೆಯಲ್ಲಿ, ಸೋಲುತ್ತಿರುವವರು ಗಡಿಯಾರ ನಿಲ್ಲಿಸಲು ಮಾಡುವ ಫೌಲ್. ಅವನು ಶಾಟ್ ಎಸೆಯಲೂ ಇಲ್ಲ, ಸುಮ್ನೆ ಬಾಲ್ ಹಿಡಿದು ನಿಂತಿದ್ದ. ಅದೂ ಶೂಟಿಂಗ್ ಲೆಕ್ಕಕ್ಕೆ ಸೇರಿತಾ?

ಪಿವೋಟ್_ಕಾಲು

ಸೇರುತ್ತದೆ. ಟ್ರೂ ಶೂಟಿಂಗ್ ಅದನ್ನು ಬೇರೆ ಮಾಡುವುದಿಲ್ಲ. ಕೊನೆಯಲ್ಲಿ ಬಾಲ್ ಅವನ ಕೈಗೇ ಯಾಕೆ ಕೊಡುತ್ತಾರೆ ಅಂದರೆ 84 ಪರ್ಸೆಂಟ್ ಹಾಕುತ್ತಾನೆ ಅಂತ. ಅದೂ ಒಂದು ಬಗೆಯ ಶೂಟಿಂಗೇ ಅನ್ನಬಹುದು. ನಿಮಗೆ ಬೇಡ ಅನಿಸಿದರೆ ಆ 28 ಎಸೆತ ಪಕ್ಕಕ್ಕಿಡಿ. ಆಗ 7 ಮುಂದೆ ಹೋಗುತ್ತಾನೆ, ಅದಂತೂ ಲೆಕ್ಕ ಹಾಕದೆಯೇ ಗೊತ್ತು.

ಲೆಕ್ಕದ_ಹುಡುಗಿ

ಯಾರು ಮುಂದೆ ಹೋದರೂ 12 ಪಂದ್ಯದಲ್ಲಿ ಅದಕ್ಕೆ ಅರ್ಥ ಕಮ್ಮಿ. 11ರ ತ್ರೀಗಳನ್ನೇ ತೆಗೆದುಕೊಳ್ಳಿ. ತಿದ್ದಿದ ಮೇಲೆ 83ಕ್ಕೆ 31, ಅಂದರೆ 37.3. ನಾಲ್ಕು ಬಾಲ್ ರಿಂಗ್ ಸುತ್ತಿ ಹೊರಗೆ ಬಿದ್ದಿದ್ದರೆ 32.5. ಇಷ್ಟು ಕಡಿಮೆ ಎಸೆತಗಳಲ್ಲಿ ಬರೀ ಅದೃಷ್ಟದಿಂದಲೇ 5 ಪಾಯಿಂಟ್ ಆಚೆ ಈಚೆ ಆಗುವುದು ಮಾಮೂಲು, 10 ಆದರೂ ಗಾಬರಿ ಆಗಬೇಕಿಲ್ಲ. ಈ 1.2ರ ಅಂತರವನ್ನು ಸೊನ್ನೆ ಅಂತಲೇ ಓದಿ.

ಹಾಗಂತ ಎಲ್ಲವೂ ಅದೃಷ್ಟ ಅಲ್ಲ. ಫ್ರೀ ಥ್ರೋ 41ಕ್ಕೆ 18 ಮತ್ತು 44ಕ್ಕೆ 37, ಈ ಅಂತರ ಅದೃಷ್ಟಕ್ಕೆ ತುಂಬಾ ದೊಡ್ಡದು. 41 ಟರ್ನೋವರ್ ಕೂಡ.

ಬ್ಯಾಂಕ್‌ಶಾಟ್

ನನ್ನ ಟರ್ನೋವರ್ ಲೆಕ್ಕವನ್ನೂ ತಿದ್ದಿಬಿಡುತ್ತೇನೆ. 7ಕ್ಕೆ 142 ÷ 131, ಅಂದರೆ 1.08. 11ಕ್ಕೆ 184 ÷ 196, ಅಂದರೆ 0.94. ಪಿವೋಟ್ ಹೇಳಿದ ಹಾಗೆ 33 ಪಾಸ್‌ಗಳ ಫಲ 7ರ ಖಾತೆಯಲ್ಲಿದೆ ಅನ್ನುವುದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಓದಿ.

ನನ್ನ ಕೈಗೆ ತಂಡ ಕೊಟ್ಟರೆ 7ಕ್ಕೆ ಬಾಲ್ ಜಾಸ್ತಿ ಹೋಗಲಿ ಅನ್ನುತ್ತೇನೆ. ಕೋಚ್ ಹೇಳಿದ್ದೂ ಅದನ್ನೇ ಅನ್ನುವುದು ಸ್ವಲ್ಪ ಬೇಜಾರಿನ ಸಂಗತಿ. ಆದರೆ ಆ ಬಾಲನ್ನು ಕೊಡಬೇಕಾದವನು 11.

ಸ್ಕೋರ್‌ಶೀಟ್

ಕೋಚ್‌ಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಬೈಯಲಿಲ್ಲ. ಟ್ರೂ ಶೂಟಿಂಗ್ ವಿಷಯ ಕೇಳಿದ ಹಾಗೂ ಕಾಣಲಿಲ್ಲ. ಅವರ ಕಿವಿಗೆ ಬಿದ್ದದ್ದು ಎರಡೇ ಸಂಖ್ಯೆ, 33 ಪಾಸ್ ಮತ್ತು 41ಕ್ಕೆ 18. ನಾಳೆಯಿಂದ 7ನೇ ನಂಬರ್ ಅಭ್ಯಾಸ ಮುಗಿದ ಮೇಲೆ ದಿನಾ 50 ಫ್ರೀ ಥ್ರೋ ಎಸೆದೇ ಮನೆಗೆ ಹೋಗಬೇಕಂತೆ. ಅದನ್ನು ಎಣಿಸುವ ಕೆಲಸ ನನ್ನ ತಲೆಗೇ ಬಿತ್ತು.

ಪಿವೋಟ್ ಅವರೇ, ಸೊನ್ನೆ ಮತ್ತು ಅಡ್ಡಗೆರೆ ಶುರು ಮಾಡುತ್ತೇನೆ. ಫೌಲ್ ಆಗಿ ತಪ್ಪಿದ ಶಾಟ್‌ಗೆ ಬೇರೆ ಕಾಲಂ ಎಳೆದಿದ್ದೇನೆ. ಒಂದು ಕೇಳುವುದಿತ್ತು: ಡಿಫೆಂಡರ್ ಎಷ್ಟು ಹತ್ತಿರ ಇದ್ದರೆ ಅಡ್ಡಗೆರೆ ಹಾಕಬೇಕು?

ಪಿವೋಟ್_ಕಾಲು

ಕೈ ಚಾಚಿದರೆ ಶೂಟರ್ ಮೈ ಮುಟ್ಟುವಷ್ಟು. ಅನುಮಾನ ಬಂದರೆ ಸೊನ್ನೆ ಹಾಕಿ. ಪ್ರತಿ ಪಂದ್ಯಕ್ಕೂ ಒಂದೇ ಅಳತೆ ಇರಲಿ, ಸಾಕು. ಮತ್ತೆ ಪೆನ್ಸಿಲ್‌ನಲ್ಲಿ ಬರೆಯಿರಿ.